ಸೈಲೆನ್ಸರ್ ಇರುವ ಎಲೆಕ್ಟ್ರಿಕ್ ಕಾರು

ಭಾನುವಾರ ಬೆಳಿಗ್ಗೆ 7 ಗಂಟೆಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಅತ್ತೆ ಒಂದು ಫೋಟೋ ಹಾಕಿದರು. ಕ್ರೇನ್ ಒಂದು ಬಿಳಿ ಕಾರನ್ನು ನೀರಿನಿಂದ ಮೇಲೆತ್ತುತ್ತಿದೆ. ಕೆಳಗೆ ಬರೆದಿತ್ತು: ‘ಎಲೆಕ್ಟ್ರಿಕ್ ಕಾರು ಮಳೆ ನೀರಿಗೆ ಇಳಿದರೆ ಬಾಡಿಗೆಲ್ಲ ಕರೆಂಟ್. ಬಾಗಿಲು ಮುಟ್ಟಿದವರು ಉಳಿಯುವುದಿಲ್ಲ. ಎಲ್ಲರಿಗೂ ಕಳಿಸಿ.’

ಅತ್ತೆ ಕಳಿಸಿದ್ದು ಎಲ್ಲರಿಗಲ್ಲ, ನನ್ನ ತಂಗಿಗೆ. ಅವಳು ಹೋದ ವಾರ ಎಲೆಕ್ಟ್ರಿಕ್ ಕಾರು ಬುಕ್ ಮಾಡಿದ್ದಳು. ಮನೆ ಇರುವುದು ಮುಂಬೈಯ ಮಾಹಿಮ್ ಖಾಡಿಯ ಹತ್ತಿರ. ಖಾಡಿ ಅಂದರೆ ಸಮುದ್ರದ ನೀರು ಒಳಗೆ ಬರುವ ಕೊಲ್ಲಿ. ಮಳೆಗಾಲ ಬೇರೆ.

ಮಾಟುಂಗಾದ ದೊಡ್ಡಪ್ಪ ಮೊದಲು ಬಂದರು. ‘ಹಿರಿಯರನ್ನು ಒಂದು ಮಾತು ಕೇಳಬೇಕಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಈಗಿನವರಿಗೆ ಸಾಲ ಅಂದರೆ ಹೆದರಿಕೆಯೇ ಇಲ್ಲ.’ ನೀರಿನ ಮಾತೂ ಇಲ್ಲ, ಕರೆಂಟಿನ ಮಾತೂ ಇಲ್ಲ.

ಡೊಂಬಿವಲಿಯ ಅತ್ತಿಗೆ ಟೀಚರ್. ಅವರು ಕೇಳಿದರು: ‘ಇದು ಯಾವ ಊರು? ಯಾವ ದಿನ? ಯಾವ ಪೇಪರಿನಲ್ಲಿ ಬಂದಿದೆ?’

‘ನನಗೆ ಬಂತು, ನಾನು ಕಳಿಸಿದೆ’ ಎಂದರು ಅತ್ತೆ. ‘ನಿನ್ನ ಗಂಡ ಶುಗರ್‌ಗೆ ಬೆಂಡೆಕಾಯಿ ನೀರು ಅಂತ ಕಳಿಸಿದ್ದನಲ್ಲ, ಆವಾಗ ಪೇಪರ್ ಕೇಳಿದೆಯಾ?’

ಅಲ್ಲಿಗೆ ಕಾರು ಹೋಯಿತು, ಬೆಂಡೆಕಾಯಿ ಬಂತು.

ನಾನು ಥಾಣೆಯಲ್ಲಿ ಕಾರ್ ವರ್ಕ್‌ಶಾಪಿನಲ್ಲಿ ಇರುವವನು. ಬ್ಯಾಟರಿ ಕಾರುಗಳ ಕೆಲಸವೇ ನನ್ನದು. ಫೋಟೋ ದೊಡ್ಡದು ಮಾಡಿ ನೋಡಿದೆ. ಕಾರಿನ ಅಡಿಭಾಗ ಚೆನ್ನಾಗಿ ಕಾಣುತ್ತಿತ್ತು. ಹಿಂದೆ ಸೈಲೆನ್ಸರ್ ಪೈಪು ನೇತಾಡುತ್ತಿತ್ತು. ‘ಅತ್ತೆ, ಇದು ಎಲೆಕ್ಟ್ರಿಕ್ ಕಾರಲ್ಲ. ಬ್ಯಾಟರಿ ಕಾರಿಗೆ ಹೊಗೆಯೇ ಇಲ್ಲ, ಸೈಲೆನ್ಸರ್ ಯಾಕೆ ಬೇಕು?’ ಎಂದು ಬರೆದೆ.

ಮುಲುಂಡಿನ ಭಾವ ಕೂಡಲೇ ಹಿಡಿದರು: ‘ಹೈಬ್ರಿಡ್ ಇರಬಹುದಲ್ಲ ಮಾರಾಯ.’ ಇರಬಹುದು, ಆ ಮಾತು ಸರಿ. ಹೈಬ್ರಿಡ್‌ನಲ್ಲಿ ಪೆಟ್ರೋಲ್ ಇಂಜಿನ್ನೂ ಇದೆ, ಮೋಟರೂ ಇದೆ. ಆದರೆ ಬ್ಯಾಟರಿ ಸಣ್ಣದು. ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್ ಹೈಬ್ರಿಡ್‌ನ ಬ್ಯಾಟರಿ ಒಂದು ಯೂನಿಟ್ ಕರೆಂಟನ್ನೂ ಹಿಡಿಯುವುದಿಲ್ಲ. 2020ರಲ್ಲಿ ಬಂದ ಟಾಟಾದ ಎಲೆಕ್ಟ್ರಿಕ್ ಕಾರು, ಮೊದಲ ನೆಕ್ಸಾನ್ ಇವಿಯ ಬ್ಯಾಟರಿ 30 ಯೂನಿಟ್ ಹಿಡಿಯುತ್ತಿತ್ತು. ಇನ್ನು ನೀರಿನಲ್ಲಿ ಹೈಬ್ರಿಡ್‌ನ ಇಂಜಿನ್‌ಗೆ ಆಗುವುದು ಪೆಟ್ರೋಲ್ ಕಾರಿಗೆ ಆಗುವುದೇ. ಗಾಳಿ ಎಳೆಯುವ ದಾರಿಯಲ್ಲಿ ನೀರು ಹೊಕ್ಕರೆ ಇಂಜಿನ್‌ನಲ್ಲಿ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಮೋಟರ್‌ಗೆ ಗಾಳಿ ಎಳೆಯುವ ಕೆಲಸವೇ ಇಲ್ಲ.

ಇಷ್ಟು ಬರೆದು ಕಳಿಸುವಷ್ಟರಲ್ಲಿ ಭಾವ ಹಳೆಯ ಫಿಯಟ್‌ಗೆ, ಅಂದರೆ ಪ್ರೀಮಿಯರ್ ಪದ್ಮಿನಿಗೆ ಹೋಗಿಬಿಟ್ಟಿದ್ದರು. ‘ಪದ್ಮಿನಿ ಟ್ಯಾಕ್ಸಿ ಎಷ್ಟು ನೀರಿದ್ದರೂ ಹೋಗುತ್ತಿತ್ತು. ಕುರ್ಲಾದಲ್ಲಿ ಪ್ರೀಮಿಯರ್ ಕಾರ್ಖಾನೆ ಇದ್ದಾಗ ಅಲ್ಲಿಯವರು ಶಿಫ್ಟ್ ಮುಗಿಸಿ ಮಾವನ ಹೋಟೆಲಿಗೇ ಬರುತ್ತಿದ್ದರು. ಒಂದು ಇಡ್ಲಿಗೆ ಮೂರು ಸಲ ಸಾಂಬಾರ್!’ 2023ರ ಅಕ್ಟೋಬರ್ ಕೊನೆಗೆ ಆ ಟ್ಯಾಕ್ಸಿಗಳು ರಸ್ತೆಯಿಂದ ಹೋದವಲ್ಲ, ಆ ದಿನ ತೆಗೆದ ಫೋಟೋ ಹಾಕಿದರು. ಹದಿನಾಲ್ಕು ಹಾರ್ಟ್ ಬಿದ್ದವು. ನನ್ನ ಮೆಸೇಜಿಗೆ ಒಂದೂ ಇಲ್ಲ.

ಆಮೇಲೆ ಅತ್ತೆ ಬರೆದರು: ‘ನೀರು ಅಂದರೆ ಏನು ಅಂತ 2005ರಲ್ಲಿ ನೋಡಿದವಳು ನಾನು.’

ಆ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಕಾರಿನ ಬಾಗಿಲು ತೆರೆಯಲಾಗದೆ ಒಳಗೇ ಸತ್ತವರಿದ್ದರು. ಅತ್ತೆ ದಾದರ್‌ನಿಂದ ಘಾಟ್‌ಕೋಪರ್‌ವರೆಗೆ ಎದೆಮಟ್ಟ ನೀರಿನಲ್ಲಿ ನಡೆದು ಬಂದಿದ್ದರು. ‘ಆ ರಾತ್ರಿ ಈ ದೊಡ್ಡ ಮನುಷ್ಯರ ಮನೆ ಎದುರೇ ಬಂದೆ. ಬಾಗಿಲು ತೆರೆಯಲಿಲ್ಲ’ ಎಂದು ಬರೆದರು. ದೊಡ್ಡಪ್ಪ, ‘ಕರೆಂಟ್ ಹೋಗಿತ್ತು, ಬೆಲ್ ಕೇಳಿಸಲಿಲ್ಲ ಅಂತ ನೂರು ಸಲ ಹೇಳಿದ್ದೇನೆ’ ಎಂದರು. ‘ಬಾಗಿಲು ಬಡಿದದ್ದೂ ಕೇಳಿಸಲಿಲ್ಲವಾ ಅಣ್ಣ?’

ಗುಂಪು ಸುಮ್ಮನಾಯಿತು. ಅತ್ತೆ ಆ ಫೋಟೋ ಯಾಕೆ ಕಳಿಸಿದರು ಅಂತ ನನಗೆ ಆಗಲೇ ಅರ್ಥವಾದದ್ದು. ಮಳೆಯ ವಿಷಯ ಅಂದರೆ ಅವರಿಗೆ ಈಗಲೂ ಆ ರಾತ್ರಿಯೇ.

ಅದಕ್ಕೇ ಗುಂಪಿನಲ್ಲಿ ಇನ್ನೊಂದು ಮಾತು ಬರೆಯಲಿಲ್ಲ. ಅತ್ತೆಗೆ ಫೋನ್ ಮಾಡಿದೆ. ದೊಡ್ಡ ಬ್ಯಾಟರಿಯಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಇರುತ್ತದೆ, ಸುಳ್ಳಲ್ಲ. ಆದರೆ ಅದರ ಪ್ಲಸ್ಸನ್ನಾಗಲಿ ಮೈನಸ್ಸನ್ನಾಗಲಿ ಬಾಡಿಗೆ ಸೇರಿಸಿರುವುದಿಲ್ಲ. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲೇ ಕರೆಂಟ್ ಹೋಗಿ ಬರುತ್ತದೆ. ಬಾಡಿಗೆ ಲೀಕ್ ಆಗುತ್ತಿದೆಯಾ ಅಂತ ಕಾರೇ ನೋಡುತ್ತಾ ಇರುತ್ತದೆ. ಹೆಚ್ಚಿನ ಕಾರುಗಳ ಬ್ಯಾಟರಿ ಪೆಟ್ಟಿಗೆಗೆ ಐಪಿ67 ಅಂತ ಗುರುತು ಇರುತ್ತದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ನೋಡುವ ಪರೀಕ್ಷೆ ಅದು. ‘ಹಾಗಂತ ನೀರಿಗೆ ಇಳಿಸಬೇಕು ಅಂತಲ್ಲ ಅತ್ತೆ. ಯಾವ ಕಾರನ್ನೂ ಇಳಿಸಬಾರದು’ ಎಂದೆ. ಅತ್ತೆ, ‘ಅಷ್ಟೇ ನಾನು ಹೇಳಿದ್ದು’ ಎಂದರು.

ರಾತ್ರಿ ತಂಗಿಯ ಮೆಸೇಜ್ ಬಂತು. ದಿನವಿಡೀ ಗುಂಪಿನಲ್ಲಿ ಒಂದಕ್ಷರ ಬರೆದಿರಲಿಲ್ಲ ಅವಳು. ‘ಅಣ್ಣ, ನಿಜ ಹೇಳು. ನನಗೆ ಪಾರ್ಕಿಂಗ್ ಕೊಟ್ಟಿರುವುದು ಬೇಸ್‌ಮೆಂಟಿನಲ್ಲಿ. ಉಬ್ಬರದ ದಿನ ಜೋರು ಮಳೆ ಬಂದರೆ ಖಾಡಿಯ ನೀರು ಒಳಗೆ ಬರುತ್ತದೆ.’

ಇಡೀ ದಿನದಲ್ಲಿ ಕೇಳಬೇಕಾದ್ದು ಕೇಳಿದವಳು ಅವಳೊಬ್ಬಳೇ. ಹೆದರಬೇಕಾದದ್ದು ಮಳೆ ನೀರಿಗಲ್ಲ, ಉಪ್ಪು ನೀರಿಗೆ. 2022ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇಯಾನ್ ಚಂಡಮಾರುತ ಬಂದಾಗ ಸಮುದ್ರದ ನೀರಿನಲ್ಲಿ ಮುಳುಗಿದ ಕೆಲವು ಎಲೆಕ್ಟ್ರಿಕ್ ಕಾರುಗಳಿಗೆ ಆಮೇಲೆ, ಒಣಗಿ ನಿಂತಲ್ಲೇ ಬೆಂಕಿ ಹತ್ತಿತು. ಉಪ್ಪು ನೀರು ಬ್ಯಾಟರಿಯೊಳಗೆ ಹೊಕ್ಕರೆ, ನೀರು ಆರಿದ ಮೇಲೂ ಉಪ್ಪು ಅಲ್ಲೇ ಕೂರುತ್ತದೆ. ಅದರ ಮೇಲೆ ಕರೆಂಟ್ ಹರಿದು ಶಾರ್ಟ್ ಆಗುತ್ತದೆ. ಹಾಗೆ ಮುಳುಗಿದ ಕಾರನ್ನು ಆನ್ ಮಾಡಬಾರದು, ಚಾರ್ಜಿಗೆ ಹಾಕಬಾರದು. ಸರ್ವಿಸ್‌ನವರನ್ನು ಕರೆದು, ಬಿಲ್ಡಿಂಗ್‌ನಿಂದ ದೂರ, ಬಯಲಿಗೆ ಎಳೆಸಿ ನಿಲ್ಲಿಸಬೇಕು.

‘ಹಾಗಾದರೆ ಬುಕಿಂಗ್ ಕ್ಯಾನ್ಸಲ್ ಮಾಡಲಾ?’

‘ಕಾರು ಬಿಡಬೇಡ, ಬೇಸ್‌ಮೆಂಟ್ ಬಿಡು’ ಎಂದೆ.

ಮಂಗಳವಾರ ಸೊಸೈಟಿ ಸೆಕ್ರೆಟರಿ ಹತ್ತಿರ ಮಾತಾಡಿದಳು. ಮೇಲಿನ ಪಾರ್ಕಿಂಗ್‌ನಲ್ಲಿ ಒಬ್ಬರು ಹಳೆಯ ಸ್ಕೂಟರ್ ನಿಲ್ಲಿಸುತ್ತಾರೆ. ಅವರು ಜಾಗ ಬದಲಾಯಿಸಿಕೊಳ್ಳಲು ಒಪ್ಪಿದರು. ಅಲ್ಲಿ 15 ಆಂಪಿಯರ್ ಪಾಯಿಂಟ್ ಎಳೆಯಬೇಕು. ಅರ್ಥಿಂಗ್ ಸರಿ ಇದೆಯಾ ಅಂತ ನೋಡಲು ಶನಿವಾರ ನಾನೇ ಮೀಟರ್ ತೆಗೆದುಕೊಂಡು ಹೋಗುತ್ತಿದ್ದೇನೆ. ಅತ್ತೆಯೂ ಬರುತ್ತಾರಂತೆ, ಖಾಡಿ ಎಷ್ಟು ಹತ್ತಿರ ಅಂತ ಅವರೇ ನೋಡಬೇಕಂತೆ.