ಹೆಲ್ಸಿಂಕಿಯ ಆ ಎರಡು ದಿನ ಬಿಡಬೇಡಿ, ಚಿಕ್ಕಮ್ಮ

ಎಲ್ಲರಿಗೂ ನಮಸ್ಕಾರ. ಚಿಕ್ಕಮ್ಮ, ನೀವು ನಿನ್ನೆ ರಾತ್ರಿ ಗುಂಪಿಗೆ ಹಾಕಿದ ಫಿನ್‌ಲ್ಯಾಂಡ್ ಪ್ರವಾಸದ ಪಟ್ಟಿಯನ್ನು ಬೆಳಿಗ್ಗೆ ಎದ್ದು ಎರಡು ಸಲ ಓದಿದೆ. ಎಂಟು ದಿನ. ಮೊದಲ ಎರಡು ದಿನ ಹೆಲ್ಸಿಂಕಿ, ಆಮೇಲೆ ರಾತ್ರಿ ರೈಲು, ಉಳಿದಿದ್ದೆಲ್ಲ ದೇಶದ ಉತ್ತರದ ಲ್ಯಾಪ್‌ಲ್ಯಾಂಡಿನ ಸಾರಿಸೆಲ್ಕಾದಲ್ಲಿ ಸ್ಕೀ ಮತ್ತು ಸ್ನೋಶೂ ನಡಿಗೆ, ಅಂದರೆ ಹಿಮದಲ್ಲಿ ಹೂತುಹೋಗದ ಹಾಗೆ ಬೂಟಿಗೆ ಅಗಲ ಚೌಕಟ್ಟು ಕಟ್ಟಿಕೊಂಡು ನಡೆಯೋದು. ಆ ಎರಡು ದಿನ ಸಿಟಿ ಬಿಟ್ಟು ವಿಮಾನದಲ್ಲಿ ನೇರ ಉತ್ತರಕ್ಕೆ ಹೋದರೆ ಅರೋರಾ, ಅಂದರೆ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ನೋಡೋಕೆ ಎರಡು ರಾತ್ರಿ ಜಾಸ್ತಿ ಸಿಗುತ್ತದೆ ಅಲ್ವಾ ಅಂತ ನೀವು ಕೇಳಿದ್ದೀರಿ. ಡಿಸೆಂಬರ್ ಒಳ್ಳೆಯದಾ, ಮಾರ್ಚ್ ಒಳ್ಳೆಯದಾ ಅಂತ ಭಾವ ಕೇಳಿದ್ದಾರೆ. 67 ವರ್ಷದ ಮಂಡಿ ಇಟ್ಟುಕೊಂಡು ಬರಬಹುದಾ ಅಂತ ದೊಡ್ಡಪ್ಪ ಕೇಳಿದ್ದಾರೆ. ಇಷ್ಟಕ್ಕೂ ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೆ ಮಾತಿನಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಕೇಳಿ.

ನಾನು, ಅಕ್ಕ ಎರಡು ವರ್ಷದ ಹಿಂದೆ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಹೋಗಿ ಬಂದೆವು. ಮಾರ್ಚ್ ತಿಂಗಳು, ಹನ್ನೆರಡು ಜನರ ಗುಂಪು. ಅದರ ಮೇಲೆ ಹೇಳುತ್ತಿದ್ದೇನೆ: ಹೆಲ್ಸಿಂಕಿಯ ಆ ಎರಡು ದಿನ ಬಿಡಬೇಡಿ. ಬೇಕಾದರೆ ಕೊನೆಯಲ್ಲಿ ಒಂದು ದಿನ ಕಡಿಮೆ ಮಾಡಿ, ಮೊದಲಿನದನ್ನು ಮುಟ್ಟಬೇಡಿ.

ಯಾಕೆ ಅಂದರೆ, ಚಳಿಯಲ್ಲಿ ಇರೋದು ಹೇಗೆ ಅನ್ನೋದನ್ನು ಮೈ ಕಲಿಯಬೇಕು. ಅದಕ್ಕೆ ಒಂದೆರಡು ದಿನ ಬೇಕು. ಕಾಡಿನ ಮಧ್ಯೆ, ಹತ್ತಿರ ಒಂದು ಮನೆಯೂ ಇಲ್ಲದ ಕಡೆ ಅದನ್ನು ಕಲಿಯೋದು ಕಷ್ಟ. ಊರಿನಲ್ಲಾದರೆ ಸುಲಭ. ಕೈ ಮರಗಟ್ಟಿತಾ, ಟ್ರಾಮ್ ಹತ್ತಿಬಿಡಿ. ಕಿವಿ ನೋಯುತ್ತಿದೆಯಾ, ಯಾವುದಾದರೂ ಬಾಗಿಲು ತೆಗೆದು ಒಳಗೆ ಹೋಗಿ. ಐಸ್ ಮೇಲೆ ನಡೆಯೋದನ್ನೂ ಅಲ್ಲೇ ಕಲಿಯುತ್ತೀರಿ. ಪುಟ್ಟ ಪುಟ್ಟ ಹೆಜ್ಜೆ, ಪಾದ ಪೂರ್ತಿ ಊರಿ, ಮೈಭಾರ ಮುಂದಿನ ಕಾಲಿನ ಮೇಲೆ. ಫುಟ್‌ಪಾತ್ ಮೇಲೆ ಜಲ್ಲಿಪುಡಿ ಹಾಕಿರುತ್ತಾರೆ, ಸಿಟಿ ಮಧ್ಯದ ಕೆಲವು ಬೀದಿಗಳಲ್ಲಿ ಕೆಳಗಿನಿಂದ ಬಿಸಿ ಮಾಡಿ ಹಿಮ ಕರಗಿಸುತ್ತಾರೆ. ಆದರೂ ಜಾರುತ್ತದೆ. ಬೂಟಿನ ಅಡಿಗೆ ಹಾಕಿಕೊಳ್ಳುವ ಮುಳ್ಳಿನ ಪಟ್ಟಿ ಅಲ್ಲಿ ಸಿಗುತ್ತದೆ, ದೊಡ್ಡಪ್ಪನಿಗೆ ಮೊದಲ ದಿನವೇ ಒಂದು ಜೊತೆ ತೆಗೆದುಕೊಡಿ. ಅಲ್ಲಿನ ವಯಸ್ಸಾದವರೂ ಅದನ್ನು ಹಾಕಿಕೊಂಡೇ ಓಡಾಡುತ್ತಾರೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಹೆಲ್ಸಿಂಕಿಯಲ್ಲಿ ಹಿಮ ಇದ್ದೇ ಇರುತ್ತದೆ ಅಂತ ಇಲ್ಲ. ಸಮುದ್ರದ ಪಕ್ಕದ ಊರು, ಕೆಲವು ಚಳಿಗಾಲ ಬರೀ ಮಳೆ, ಕೆಸರು. ಹಾಗಾಗಿ ಅಲ್ಲಿಗೆ ಹಿಮ ನೋಡೋಕೆ ಹೋಗಬೇಡಿ, ಊರು ನೋಡೋಕೆ ಹೋಗಿ.

ನೋಡೋದಕ್ಕೆ ತುಂಬಾ ಇದೆ, ಆದರೆ ನನ್ನನ್ನು ಕೇಳಿದರೆ ಸುವೊಮೆನ್‌ಲಿನ್ನಾ ಒಂದನ್ನು ತಪ್ಪಿಸಬೇಡಿ. ಸಮುದ್ರದ ದ್ವೀಪಗಳ ಮೇಲೆ ಕಟ್ಟಿದ ಕೋಟೆ. ಫಿನ್‌ಲ್ಯಾಂಡ್ ಸ್ವೀಡನ್ ಆಳ್ವಿಕೆಯಲ್ಲಿದ್ದಾಗ, 1748ರಲ್ಲಿ ಕಟ್ಟೋಕೆ ಶುರು ಮಾಡಿದ್ದು. 1991ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಇವತ್ತಿಗೂ ಅಲ್ಲಿ ಜನ ವಾಸ ಮಾಡುತ್ತಾರೆ, ಅದಕ್ಕೆ ದೋಣಿ ವರ್ಷವಿಡೀ ಓಡುತ್ತದೆ. ಟ್ರಾಮಿನ ಟಿಕೆಟ್ಟೇ ಅದಕ್ಕೂ ಆಗುತ್ತದೆ. ಕಾಲು ಗಂಟೆಯ ದಾರಿ ಅಷ್ಟೇ. ನಾವು ಹೋದ ದಿನ ಸಮುದ್ರ ಪೂರ್ತಿ ಬಿಳಿ. ದೋಣಿ ಐಸ್ ಒಡೆದುಕೊಂಡು ಹೋಗುತ್ತಿತ್ತು. ನಾನು ಒಳಗೆ ಕೂರದೆ ಹೊರಗೆ ಕಂಬಿ ಹಿಡಿದು ನಿಂತಿದ್ದೆ. ಕೆಳಗೆ ದೊಡ್ಡ ದೊಡ್ಡ ಹಾಳೆಗಳು ಬಿರುಕು ಬಿಟ್ಟು, ಒಂದರ ಮೇಲೊಂದು ಹತ್ತಿ, ದೋಣಿಯ ಮೈಗೆ ಉಜ್ಜಿಕೊಂಡು ಹಿಂದೆ ಹೋಗುತ್ತಿದ್ದವು. ಆ ಗರಗರ ಸದ್ದು ಕಾಲಿನಡಿಯ ಕಬ್ಬಿಣದಿಂದ ಮಂಡಿಯವರೆಗೆ ಬರುತ್ತಿತ್ತು. ಹಿಂದೆ ತಿರುಗಿ ನೋಡಿದರೆ ನಾವು ಬಂದ ದಾರಿ ಕಪ್ಪು ನೀರಿನ ಗೆರೆ, ಅದರ ತುದಿಗೆ ಬಿಳಿ ಕೆತೆಡ್ರಲ್. ಅಕ್ಕ ಒಳಗಿಂದ ಕೈ ಬೀಸಿ ಬಾ ಬಾ ಅನ್ನುತ್ತಿದ್ದಳು. ನನಗೆ ಬರೋಕೆ ಮನಸ್ಸೇ ಆಗಲಿಲ್ಲ.

ಟೆಂಪೆಲಿಯೌಕಿಯೊ ಚರ್ಚ್‌ಗೂ ಹೋಗಿ. ಬಂಡೆಯನ್ನೇ ಕೊರೆದು ಮಾಡಿದ್ದು, 1969ರಲ್ಲಿ ತೆರೆದರು. ಒಳಗೆ ಗೋಡೆ ಅಂದರೆ ಒರಟು ಬಂಡೆಯೇ, ಮೇಲೆ ತಾಮ್ರದ ಗುಮ್ಮಟ, ಅದರ ಸುತ್ತ ಬೆಳಕು ಇಳಿಯುತ್ತದೆ. ಸುಮ್ನೆ ಹತ್ತು ನಿಮಿಷ ಕೂತು ಬನ್ನಿ. ಕಾಲು ಸೋತಾಗ ಓಡಿ ಗ್ರಂಥಾಲಯ. ಅದರ ಹೆಸರೇ ಓಡಿ, 2018ರ ಡಿಸೆಂಬರ್‌ನಲ್ಲಿ ತೆರೆದದ್ದು, ಪಾರ್ಲಿಮೆಂಟಿನ ಎದುರಿಗೇ ಇದೆ. ಯಾರು ಬೇಕಾದರೂ ಹೋಗಬಹುದು, ಟಿಕೆಟ್ ಇಲ್ಲ. ದೊಡ್ಡಪ್ಪ, ನಿಮಗೆ ಆ ಮೂರನೇ ಮಹಡಿ ಇಷ್ಟವಾಗುತ್ತದೆ, ಬರೆದಿಟ್ಟುಕೊಳ್ಳಿ.

ಇನ್ನು ರೈಲು. ವಿಮಾನದಲ್ಲಿ ಹೋದರೆ ಒಂದೂವರೆ ಗಂಟೆ, ರೈಲಿನಲ್ಲಿ ರೊವಾನಿಯೆಮಿಗೆ ಸುಮಾರು 12 ಗಂಟೆ. ಆದರೂ ರೈಲೇ ಇರಲಿ. ಇಬ್ಬಿಬ್ಬರಿಗೆ ಒಂದು ಪುಟ್ಟ ಕೋಣೆ, ಮೇಲೊಂದು ಕೆಳಗೊಂದು ಮಲಗುವ ಹಾಸಿಗೆ. ದೊಡ್ಡಪ್ಪನಿಗೆ ಕೆಳಗಿನದು ಅಂತ ಬುಕ್ ಮಾಡುವಾಗಲೇ ಹೇಳಿಬಿಡಿ. ಮಲಗುವಾಗ ಕಿಟಕಿಯಲ್ಲಿ ಊರಿನ ದೀಪ. ನನಗೆ ನಾಲ್ಕು ಗಂಟೆಗೆ ಎಚ್ಚರವಾಯಿತು. ಪರದೆ ಸರಿಸಿದರೆ ಬರೀ ಮರ, ಹಿಮ, ಮರ, ಹಿಮ. ಗಂಟೆಗಟ್ಟಲೆ ಒಂದು ಮನೆಯಿಲ್ಲ. ಎಷ್ಟು ದೂರ ಬಂದಿದ್ದೇವೆ ಅನ್ನೋದು ಆಗ ಗೊತ್ತಾಯಿತು. ರೊವಾನಿಯೆಮಿ 1944ರ ಯುದ್ಧದಲ್ಲಿ ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋದ ಊರು. ಆಮೇಲೆ ಅಲ್ಲಿನ ಹೆಸರಾಂತ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ನಕ್ಷೆ ಹಾಕಿಕೊಟ್ಟು ಹೊಸದಾಗಿ ಕಟ್ಟಿದ್ದು. ಅಲ್ಲಿಂದ ಬಸ್, ಆರ್ಕ್ಟಿಕ್ ವೃತ್ತ ದಾಟಿ ಇನ್ನೂ ಉತ್ತರಕ್ಕೆ.

ಭಾವ, ನಿಮ್ಮ ಪ್ರಶ್ನೆ ಇಲ್ಲಿ ಬರುತ್ತದೆ. ಮಾರ್ಚ್ ಅಂತ ನಾನು ಹೇಳುತ್ತೇನೆ. ಸಾರಿಸೆಲ್ಕಾದಲ್ಲಿ ಡಿಸೆಂಬರ್ ಮೊದಲ ವಾರದ ನಂತರ ಜನವರಿ ಹತ್ತರ ಆಸುಪಾಸಿನವರೆಗೆ ಸೂರ್ಯ ಮೇಲೆ ಬರುವುದೇ ಇಲ್ಲ. ಪೂರ್ತಿ ಕತ್ತಲೆ ಅಂತಲ್ಲ, ಮಧ್ಯಾಹ್ನದ ಹೊತ್ತಿಗೆ ಕೆಲವು ಗಂಟೆ ನೀಲಿ ಬೆಳಕು ಇರುತ್ತದೆ. ಚೆಂದವೇ. ಆದರೆ ನಾವು ಹೋಗೋದು ನಡೆಯೋಕೆ, ಸ್ಕೀ ಮಾಡೋಕೆ. ಅದಕ್ಕೆ ಹಗಲು ಬೇಕು. ಮಾರ್ಚ್ 20ರ ಹೊತ್ತಿಗೆ ಹನ್ನೆರಡು ಗಂಟೆ ಹಗಲು, ಹಿಮವೂ ಆಗಲೇ ಅತಿ ಆಳ. ರಾತ್ರಿ ಎಂಟರ ಮೇಲೆ ಚೆನ್ನಾಗಿ ಕತ್ತಲಾಗುತ್ತದೆ, ಅರೋರಾಕ್ಕೆ ಅಷ್ಟು ಸಾಕು. ಅಷ್ಟೇ ಅಲ್ಲ, ಹಗಲು ರಾತ್ರಿ ಸಮ ಇರುವ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಅರೋರಾ ಸ್ವಲ್ಪ ಜಾಸ್ತಿ ಕಾಣಿಸಿಕೊಳ್ಳುತ್ತದೆ.

ಅರೋರಾ ಬಗ್ಗೆ ಚಿಕ್ಕಮ್ಮನಿಗೆ ಒಂದು ಮಾತು. ಎರಡು ರಾತ್ರಿ ಜಾಸ್ತಿ ಇದ್ದರೆ ಅವಕಾಶ ಜಾಸ್ತಿ, ಅದು ನಿಜ. ಆದರೆ ಆ ಬೆಳಕು ಆಗೋದು ನೆಲದಿಂದ ನೂರು ಕಿಲೋಮೀಟರಿಗೂ ಮೇಲೆ, ಮೋಡ ಇರೋದು ಅದರ ಎಷ್ಟೋ ಕೆಳಗೆ. ಮೋಡ ಕವಿದರೆ ಮೇಲೆ ಏನೇ ಕುಣಿದರೂ ನಮಗೆ ಕಾಣದು. ನಮಗೆ ಐದು ರಾತ್ರಿಯಲ್ಲಿ ಎರಡು ರಾತ್ರಿ ಕಂಡಿತು. ಅದೊಂದಕ್ಕೇ ಅಂತ ಹೋದವರು ನಮ್ಮ ಗುಂಪಿನಲ್ಲಿ ಇಬ್ಬರಿದ್ದರು. ಮೊದಲ ಮೂರು ದಿನ ಅವರು ಹಗಲಿನಲ್ಲೂ ಆಕಾಶದ ಚಿಂತೆಯಲ್ಲೇ ಇದ್ದರು. ಸುತ್ತ ಇದ್ದಿದ್ದನ್ನು ನೋಡಲೇ ಇಲ್ಲ, ಪಾಪ.

ಸುತ್ತ ಏನಿದೆ ಅಂದರೆ ಊರ್ಹೊ ಕೆಕ್ಕೊನೆನ್ ರಾಷ್ಟ್ರೀಯ ಉದ್ಯಾನ. 1983ರಲ್ಲಿ ಆದದ್ದು, ಸುಮಾರು 2,500 ಚದರ ಕಿಲೋಮೀಟರ್. ಬೆಟ್ಟಗಳು ಎತ್ತರ ಅಲ್ಲ, ಬೋಳು ತಲೆಯ ಗುಂಡು ಬೆಟ್ಟಗಳು. ಕೀಲೊಪ್ಯಾ ಅಂತ ಒಂದಿದೆ, 546 ಮೀಟರ್. ನಾವು ಸ್ನೋಶೂ ಕಟ್ಟಿಕೊಂಡು ಹತ್ತಿದೆವು. ಕೆಳಗೆ ಮರಗಳ ಮಧ್ಯೆ ಚಳಿಯೇ ಅನ್ನಿಸಲಿಲ್ಲ. ಮೇಲೆ ಮರ ಮುಗಿದ ಜಾಗಕ್ಕೆ ಬಂದೆವೋ ಇಲ್ಲವೋ, ಗಾಳಿ. ಮೈನಸ್ 15 ಡಿಗ್ರಿಯಲ್ಲಿ ಸೆಕೆಂಡಿಗೆ ಹತ್ತು ಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 27ರ ಹಾಗೆ. ಅಲ್ಲಿ ಆದದ್ದನ್ನು ಹೇಳಲೇಬೇಕು. ಅಕ್ಕ ಒಳಗೆ ಹತ್ತಿಯ ಬನಿಯನ್ ಹಾಕಿಕೊಂಡಿದ್ದಳು. ಹತ್ತುವಾಗ ಬೆವರಿದಳು, ಹತ್ತಿ ಪೂರ್ತಿ ಒದ್ದೆ. ಮೇಲೆ ನಿಂತ ಎರಡೇ ನಿಮಿಷಕ್ಕೆ ಹಲ್ಲು ಕಟಕಟ ಅನ್ನೋಕೆ ಶುರುವಾಯಿತು, ಮಾತು ತೊದಲಿತು. ನನಗೆ ಎದೆ ಧಸಕ್ ಅಂದಿತು. ಗೈಡ್ ಒಂದು ಮಾತೂ ಆಡದೆ ಬಂಡೆಯ ಮರೆಗೆ ಕರೆದುಕೊಂಡು ಹೋಗಿ, ಒದ್ದೆ ಬಟ್ಟೆ ತೆಗೆಸಿ, ತನ್ನ ಚೀಲದಲ್ಲಿದ್ದ ಒಣ ಉಣ್ಣೆ ಅಂಗಿ ಹಾಕಿಸಿದಳು. ಥರ್ಮಾಸಿನಿಂದ ಬಿಸಿ ಹಣ್ಣಿನ ರಸ ಕುಡಿಸಿ ತಕ್ಷಣ ಕೆಳಗೆ ಇಳಿಸಿದಳು. ಅದಕ್ಕೇ ಹೇಳುತ್ತೇನೆ, ಮೈಗೆ ತಾಗುವ ಬಟ್ಟೆ ಯಾವುದೂ ಹತ್ತಿ ಆಗಿರಬಾರದು. ಒಳಗೆ ತೆಳು ಉಣ್ಣೆ, ಮಧ್ಯೆ ದಪ್ಪ ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ ತಡೆಯುವ ಜಾಕೆಟ್. ನಡೆಯೋಕೆ ಶುರು ಮಾಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಬೆಚ್ಚಗೆ ಅನ್ನಿಸಿದರೆ ಒಂದು ಪದರ ಜಾಸ್ತಿ ಆಗಿದೆ ಅಂತ ಅರ್ಥ, ಅದನ್ನು ತೆಗೆಯಿರಿ. ನಿಂತ ಕೂಡಲೇ ಅದನ್ನು ಮತ್ತೆ ಹಾಕಿಕೊಳ್ಳಿ. ಬೆರಳು ಬೇರೆ ಬೇರೆ ಇರುವ ಕೈಗವಸಿಗಿಂತ ನಾಲ್ಕು ಬೆರಳೂ ಒಟ್ಟಿಗೆ ಇರೋದು ಬೆಚ್ಚಗೆ. ಫೋನ್ ಒಳ ಜೇಬಿನಲ್ಲಿ, ಇಲ್ಲದಿದ್ದರೆ ಬ್ಯಾಟರಿ ಬೇಗ ಸಾಯುತ್ತದೆ.

ಇನ್ನೊಂದು, ಜೋಡಿ ಮಾಡಿಕೊಂಡು ಆಗಾಗ ಒಬ್ಬರ ಮುಖ ಒಬ್ಬರು ನೋಡಿ. ಮೂಗಿನ ತುದಿ, ಕೆನ್ನೆ ಮೇಲೆ ಬಿಳಿ ಮಚ್ಚೆ ಕಂಡರೆ ಅದು ಹೆಪ್ಪುಗಟ್ಟೋಕೆ ಶುರುವಾಗಿದೆ ಅಂತ. ನಮಗೇ ನೋವು ಗೊತ್ತಾಗಲ್ಲ, ಎದುರಿಗೆ ಇದ್ದವರಿಗೆ ಕಾಣುತ್ತದೆ. ಬೆಚ್ಚಗಿನ ಅಂಗೈ ಇಟ್ಟುಕೊಳ್ಳಬೇಕು. ಉಜ್ಜಬಾರದು, ಹಿಮದಿಂದ ಉಜ್ಜಲೇಬಾರದು.

ಸ್ಕೀ ಅಂದರೆ ಬೆಟ್ಟದಿಂದ ಜಾರೋದು ಅಂತ ದೊಡ್ಡಪ್ಪ ಅಂದುಕೊಂಡಿದ್ದಾರೆ ಅನ್ನಿಸುತ್ತದೆ. ಇದು ಅದಲ್ಲ. ಮಶೀನಿನಲ್ಲಿ ಹಿಮದ ಮೇಲೆ ಎರಡು ಗೀರು ಹಾಕಿರುತ್ತಾರೆ, ರೈಲು ಹಳಿಯ ಹಾಗೆ. ಅದರಲ್ಲಿ ಸ್ಕೀ ಇಟ್ಟು ನಡೆದ ಹಾಗೆ ಜಾರಿಕೊಂಡು ಹೋಗೋದು. ಬೂಟಿನ ತುದಿ ಮಾತ್ರ ಸಿಕ್ಕಿಸಿರುತ್ತದೆ, ಹಿಮ್ಮಡಿ ಬಿಡುವಾಗಿ ಏಳುತ್ತದೆ. ನಾನು ಮೊದಲ ದಿನ ಏಳೆಂಟು ಸಲ ಬಿದ್ದೆ, ಹಿಮ ಮೆತ್ತಗೆ, ಏನೂ ಆಗಲಿಲ್ಲ. ಆದರೆ ಬಿದ್ದಾಗ ಮಂಡಿ ತಿರುಚಬಹುದು. ದೊಡ್ಡಪ್ಪ, ಅದಕ್ಕೆ ನೀವು ಸ್ಕೀ ಬಿಟ್ಟು ಸ್ನೋಶೂ ತೆಗೆದುಕೊಳ್ಳಿ. ಅಗಲ ಪಾದ, ಎರಡೂ ಕೈಯಲ್ಲಿ ಕೋಲು, ಸಮತಟ್ಟು ದಾರಿ. ಹೊರಡುವ ಮೊದಲು ಡಾಕ್ಟರನ್ನು ಕೇಳಿ, ಅವರು ಹೂಂ ಅಂದರೆ ಖಂಡಿತ ಬನ್ನಿ. ಸ್ಕೀ ಗೀರಿನ ಮೇಲೆ ಮಾತ್ರ ಯಾರೂ ನಡೆಯಬೇಡಿ, ಅಲ್ಲಿನವರಿಗೆ ಅದು ಸೇರುವುದಿಲ್ಲ. ಗುಂಪು ಎಷ್ಟು ಬೇಗ ಹೋಗಬೇಕು ಅನ್ನೋದನ್ನು ಹಿಂದೆ ಉಳಿದವರ ಕಾಲು ನೋಡಿ ತೀರ್ಮಾನ ಮಾಡಿ. ನಮ್ಮ ಗೈಡ್ ಅತಿ ನಿಧಾನದವರನ್ನು ತನ್ನ ಹಿಂದೆಯೇ, ಎರಡನೆಯವರಾಗಿ ನಿಲ್ಲಿಸುತ್ತಿದ್ದಳು.

ಕಾಡಿನೊಳಗೆ ಮರದ ಗುಡಿಸಲುಗಳಿವೆ, ಬಾಗಿಲಿಗೆ ಬೀಗ ಇಲ್ಲ. ಯಾರು ಬೇಕಾದರೂ ಒಳಗೆ ಹೋಗಿ ಒಲೆ ಹಚ್ಚಿಕೊಳ್ಳಬಹುದು. ಮೊದಲು ಬಂದವರು ಆಮೇಲೆ ಬಂದವರಿಗೆ ಜಾಗ ಬಿಟ್ಟುಕೊಡಬೇಕು, ಅದು ಅಲ್ಲಿನ ಪದ್ಧತಿ. ನಾವು ಒಂದರೊಳಗೆ ಹೋದಾಗ ಒಲೆಯ ಪಕ್ಕ ಸಣ್ಣಗೆ ಸೀಳಿದ ಕಟ್ಟಿಗೆ, ಅದರ ಮೇಲೆ ಮರದ ತೊಗಟೆಯ ಚೂರು ಜೋಡಿಸಿಟ್ಟಿತ್ತು. ಕಡ್ಡಿ ಗೀರಿದರೆ ಸಾಕು, ಹತ್ತಿಕೊಂಡಿತು. ಯಾರೋ ಮುಖ ನೋಡದವರು ನಮಗೆ ಅಂತ ಇಟ್ಟು ಹೋಗಿದ್ದರು. ಹನ್ನೆರಡು ಜೊತೆ ಕೈಗವಸು ಮೇಲಿನ ತಂತಿಗೆ ನೇತುಹಾಕಿ ಕೂತೆವು. ಹೊರಡುವ ಮೊದಲು ಗೈಡ್ ಕೊಡಲಿ ತೆಗೆದುಕೊಂಡು ಅಷ್ಟೇ ಕಟ್ಟಿಗೆ ಸೀಳಿ, ಅದೇ ಥರ ಜೋಡಿಸಿದಳು. ತೊಗಟೆಯ ಚೂರನ್ನು ಅಕ್ಕ ಇಟ್ಟಳು. ಅರೋರಾ ಫೋಟೊ ನನ್ನ ಹತ್ತಿರ ನಲವತ್ತಿವೆ, ಮತ್ತೆ ಮತ್ತೆ ನೆನಪಾಗೋದು ಆ ಕಟ್ಟಿಗೆ.

ಪಟ್ಟಿಯಲ್ಲಿ ಒಂದು ದಿನ ಬಿಡುವು ಅಂತ ಇದೆಯಲ್ಲ, ಅವತ್ತು ಇನಾರಿಗೆ ಹೋಗಿ. ಸೀಡಾ ಅಂತ ಸಾಮಿ ಜನರ ಮ್ಯೂಸಿಯಂ ಇದೆ. ಆ ನೆಲದ ಮೂಲ ಜನ ಅವರು. ದಾರಿಯಲ್ಲಿ ಕಾಣುವ ಹಿಮಸಾರಂಗ ಯಾವುದೂ ಕಾಡುಪ್ರಾಣಿ ಅಲ್ಲ, ಪ್ರತಿಯೊಂದಕ್ಕೂ ಸಾಕಿದವರಿದ್ದಾರೆ, ಕಿವಿಯಲ್ಲಿ ಗುರುತು ಕೊಯ್ದಿರುತ್ತಾರೆ. ಮ್ಯೂಸಿಯಂ ನೋಡಿದ ಮೇಲೆ ಆ ಕಾಡು ನನಗೆ ಬೇರೆಯೇ ಆಗಿ ಕಂಡಿತು. ಖಾಲಿ ಜಾಗ ಅಂತ ಅಂದುಕೊಂಡಿದ್ದೆ, ಖಾಲಿ ಅಲ್ಲ.

ಸೌನಾ, ಅಂದರೆ ಬಿಸಿ ಹಬೆಯ ಕೋಣೆಯಲ್ಲಿ ಕೂರೋದು, ಎಲ್ಲರೂ ಮಾಡಿ, ಬಿಪಿ ಅಥವಾ ಹೃದಯದ ತೊಂದರೆ ಇದ್ದವರು ಮಾತ್ರ ಅದಾದ ಮೇಲೆ ಐಸ್ ನೀರಿಗೆ ಇಳಿಯಬೇಡಿ. ಚಿಕ್ಕಪ್ಪ, ಇದು ನಿಮಗೇ ಹೇಳಿದ್ದು. ಇನ್ಶೂರೆನ್ಸ್ ಷೆಂಗೆನ್ ವೀಸಾಗೆ ಹೇಗಿದ್ದರೂ ಕನಿಷ್ಠ 30,000 ಯೂರೋದ್ದು ಬೇಕು. ಅದರಲ್ಲಿ ಸ್ಕೀ, ಸ್ನೋಶೂ ಸೇರಿದೆಯಾ ಅಂತ ಓದಿ ನೋಡಿ, ಎಷ್ಟೋ ಪಾಲಿಸಿಗಳಲ್ಲಿ ಇರುವುದಿಲ್ಲ. ತುರ್ತಿಗೆ ಅಲ್ಲಿನ ನಂಬರ್ 112.

ಚಿಕ್ಕಮ್ಮ, ದಪ್ಪ ಹೊರ ಉಡುಪು ಮತ್ತು ಬೂಟು ಅವರೇ ಕೊಡುತ್ತಾರಾ ಅಂತ ಪ್ರವಾಸದವರನ್ನು ಇವತ್ತೇ ಕೇಳಿ. ನಮಗೆ ಕೊಟ್ಟಿದ್ದರು. ಹಾಗಿದ್ದರೆ ಒಳಗಿನ ಉಣ್ಣೆ ಬಟ್ಟೆ ಮಾತ್ರ ನೋಡಿಕೊಂಡರೆ ಸಾಕು. ನನ್ನದು, ಅಕ್ಕನದು ಎರಡು ಜೊತೆ ಇವೆ, ನಿಮಗೆ ಸರಿಹೋಗುತ್ತವೆ. ದೊಡ್ಡಪ್ಪ, ನಿಮ್ಮ ಬೂಟಿನ ಅಳತೆ ಕಳಿಸಿ. ದಪ್ಪ ಸಾಕ್ಸ್ ಹಾಕಿಕೊಂಡೇ ಅಳೆಯಿರಿ.