ಐದು ತಿಂಗಳ ಗರ್ಭಿಣಿ, ಕೆಲಸ ಬಿಡಿಸಿದ್ದಾರೆ, ದವಡೆ ಹಲ್ಲು ನೋವು: ತಿಳಿದವರು ಹೇಳಿ

ಹಾಸನದ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಎರಡು ವರ್ಷದಿಂದ ಟೈಲರ್. "ನಾಳೆಯಿಂದ ಬರಬೇಡ, ರಾಜೀನಾಮೆ ಬರೆದುಕೊಡು" ಅಂದಿದ್ದಾರೆ. ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ಹಿಡಿಯುತ್ತಿದ್ದರು. ರಾತ್ರಿ ದವಡೆ ಹಲ್ಲು ಸಿಡಿಯುತ್ತೆ, ಬ್ರಷ್ ಮಾಡಿದರೆ ವಸಡಲ್ಲಿ ರಕ್ತ. ಹೆರಿಗೆವರೆಗೆ ಹಲ್ಲು ಮುಟ್ಟಿಸಬೇಡ ಅಂತಾರೆ ಮನೆಯಲ್ಲಿ. ಏನು ಮಾಡಲಿ?

ಉತ್ತರ 1
ರಾಜೀನಾಮೆಗೆ ಸಹಿ ಹಾಕಲೇಬೇಡಿ ತಂಗಿ. ಸಹಿ ಬಿದ್ದರೆ "ಅವಳಾಗೇ ಬಿಟ್ಟಳು" ಎಂದಾಗುತ್ತೆ. ಗೇಟಲ್ಲಿ ತಡೆದರೆ ಅದೇ ದಿನ "ಕೆಲಸಕ್ಕೆ ಬಂದೆ, ಒಳಗೆ ಬಿಡಲಿಲ್ಲ, ಗರ್ಭಿಣಿ, ಹೆರಿಗೆ ದಿನಾಂಕ ಇಂಥದ್ದು" ಎಂದು ಬರೆದು, ತಾಯಿ ಕಾರ್ಡ್ ಜೆರಾಕ್ಸ್ ಸೇರಿಸಿ ಕಂಪನಿಗೆ ಸ್ಪೀಡ್ ಪೋಸ್ಟ್ ಮಾಡಿ. ಒಂದು ಪ್ರತಿ ಕಾರ್ಮಿಕ ಇಲಾಖೆಗೂ ಕೊಟ್ಟು ಸೀಲ್ ಹಾಕಿಸಿಕೊಳ್ಳಿ.

ಕೆಲಸ ಹೋದ ದಿನವೇ ಇಎಸ್‌ಐ ನಿಲ್ಲಲ್ಲ. ಹೆರಿಗೆ ಜನವರಿ–ಜೂನ್ ಒಳಗಾದರೆ, ಹಿಂದಿನ ಏಪ್ರಿಲ್–ಸೆಪ್ಟೆಂಬರ್ ಮತ್ತು ಅದಕ್ಕೂ ಹಿಂದಿನ ಆರು ತಿಂಗಳು ಸೇರಿ 70 ದಿನದ ಕಂತು ಕಟ್ಟಿರಬೇಕು. ಜುಲೈ–ಡಿಸೆಂಬರ್ ಆದರೆ ಅಕ್ಟೋಬರ್–ಮಾರ್ಚ್ ಮತ್ತು ಅದರ ಹಿಂದಿನ ಆರು ತಿಂಗಳು. ಮೊದಲೆರಡು ಮಕ್ಕಳಿಗೆ 26 ವಾರದ ದುಡ್ಡು, ಅದರಲ್ಲಿ ಹೆರಿಗೆಗೆ ಮುಂಚೆ 8 ವಾರ ತೆಗೆದುಕೊಳ್ಳಬಹುದು. ಕಂಪನಿ ಹಿಡಿದ ದುಡ್ಡು ನಿಜವಾಗಿ ಕಟ್ಟಿದೆಯಾ ಅಂತ ಇಎಸ್‌ಐ ವೆಬ್‌ಸೈಟಿನಲ್ಲಿ ನಿಮ್ಮ ಇಎಸ್‌ಐ ನಂಬರ್ ಹಾಕಿ ಇವತ್ತೇ ನೋಡಿ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ.

ಉತ್ತರ 2
ಹಲ್ಲಿನ ವಿಷಯ. ಐದನೇ ತಿಂಗಳು ಚಿಕಿತ್ಸೆಗೆ ಒಳ್ಳೆ ಸಮಯ: ವಾಂತಿ ಕಡಿಮೆ, ಹೊಟ್ಟೆ ಇನ್ನೂ ಭಾರವಿಲ್ಲ. ಕೀವು ತುಂಬಿದ ಹಲ್ಲನ್ನು ನಾಲ್ಕು ತಿಂಗಳು ಹಾಗೇ ಬಿಡುವುದೇ ಅಪಾಯ. ಫಿಲ್ಲಿಂಗ್, ರೂಟ್ ಕೆನಾಲ್, ಬೇಕಾದರೆ ಕೀಳುವುದು, ಎಲ್ಲವೂ ಆಗುತ್ತೆ. ಮರಗಟ್ಟಿಸುವ ಲಿಗ್ನೋಕೇನ್ ಇಂಜೆಕ್ಷನ್ ಕೊಡಬಹುದು. ಸೀಸದ ಏಪ್ರನ್ ಹಾಕಿ ಒಂದು ಎಕ್ಸ್‌ರೇ ತೆಗೆದರೂ ಭಯವಿಲ್ಲ. ಕುರ್ಚಿಯಲ್ಲಿ ಪೂರ್ತಿ ಮಲಗಬೇಡಿ, ಗರ್ಭ ರಕ್ತನಾಳ ಒತ್ತಿ ತಲೆ ಸುತ್ತುತ್ತೆ. ಬಲ ಸೊಂಟದ ಕೆಳಗೆ ದಿಂಬಿಟ್ಟು ಎಡಕ್ಕೆ ವಾಲಿ.

ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಮೆಡಿಕಲ್‌ನಲ್ಲಿ ಹಲ್ಲುನೋವು ಅಂದರೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಇರುವ ಮಾತ್ರೆ ಕೈಗಿಡುತ್ತಾರೆ, ಬೇಡ. 20 ವಾರ ದಾಟಿದ ಮೇಲೆ ಮಗುವಿನ ಕಿಡ್ನಿಗೆ ತೊಂದರೆ. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಕೂಡ ಬೇಡ, ಮಗುವಿನ ಹಲ್ಲಿಗೆ ಕಲೆ. ಲವಂಗದೆಣ್ಣೆ ಹಾಗೇ ಸುರಿದರೆ ವಸಡು ಸುಡುತ್ತೆ.

ರಕ್ತ ಬರುತ್ತೆ ಅಂತ ಬ್ರಷ್ ಬಿಟ್ಟರೆ ಇನ್ನೂ ಹೆಚ್ಚುತ್ತೆ. ಗರ್ಭದ ಹಾರ್ಮೋನಿಗೆ ವಸಡು ಮೃದುವಾಗಿ, ಅಂಟಿದ ಕೊಳೆಗೇ ಊದಿಕೊಳ್ಳುತ್ತೆ. ಸಾಫ್ಟ್ ಬ್ರಷ್, ಫ್ಲೋರೈಡ್ ಪೇಸ್ಟ್, ಎರಡು ಹೊತ್ತು. ವಾಂತಿಯಾದ ಕೂಡಲೇ ಮಾತ್ರ ಉಜ್ಜಬೇಡಿ: ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಮಗು ಹಲ್ಲಿನ ಕ್ಯಾಲ್ಸಿಯಂ ಎಳೆದುಕೊಳ್ಳುತ್ತೆ ಅನ್ನೋದು ಸುಳ್ಳು.

ವಿದ್ಯಾನಗರದ ಹಾಸನಾಂಬ ಡೆಂಟಲ್ ಕಾಲೇಜಿಗೆ ತಾಯಿ ಕಾರ್ಡ್ ಮತ್ತು ಈಗ ನುಂಗುವ ಮಾತ್ರೆಗಳ ಚೀಟಿ ಹಿಡಿದು ಹೋಗಿ. ಮುಖ ಊದಿದರೆ, ಜ್ವರ ಬಂದರೆ ಇಲ್ಲವೇ ಬಾಯಿ ತೆರೆಯಲಾಗದಿದ್ದರೆ ಕಾಯಬೇಡಿ, ರಾತ್ರಿಯಾದರೂ ಹಿಮ್ಸ್‌ಗೆ (ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಹೋಗಿ.

ಉತ್ತರ 3
ಮೂಡಿಗೆರೆ ಕಡೆ ಕಾಫಿ ತೋಟದವರು ಓದುತ್ತಿದ್ದರೆ: ಇಎಸ್‌ಐ ಇಲ್ಲದ ಕಡೆ ಹೆರಿಗೆ ದುಡ್ಡು ಮಾಲೀಕರೇ ಕೊಡಬೇಕು. ಹೆರಿಗೆ ದಿನಾಂಕದ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು, ಸಂಬಳದ ರಜೆಯೂ ಲೆಕ್ಕಕ್ಕೆ ಬರುತ್ತೆ. ಬಸುರಿಯಾದಾಗ ಬಿಡಿಸಿದರೂ ಆ ಹಕ್ಕು ಹೋಗಲ್ಲ. ಬಿಡಿಸಿದ 60 ದಿನದೊಳಗೆ ಮೇಲ್ಮನವಿ ಹಾಕಿ. ಹೊಗೆಸೊಪ್ಪಿನ ಎಲೆ–ಅಡಿಕೆ ಈಗಲೇ ಬಿಡಿ.

ಉತ್ತರ 4
ಗರ್ಭಿಣಿಯರಿಗೆ ಕೇಂದ್ರ ಸರ್ಕಾರ ದುಡ್ಡು ಕೊಡುವ ಮಾತೃವಂದನಾ ಯೋಜನೆ ಬಗ್ಗೆ ಒಂದು ಮಾತು. ಮೊದಲ ಮಗುವಿಗೆ ₹5,000, ಅಂಗನವಾಡಿಯಲ್ಲಿ ಅರ್ಜಿ. ಆದರೆ ಇಎಸ್‌ಐ ಹೆರಿಗೆ ದುಡ್ಡು ಬರುವವರಿಗೆ ಇದು ಸಿಗಲ್ಲ. ಕಂತಿನ ಲೆಕ್ಕ ನೋಡಿಕೊಂಡು ಆಮೇಲೆ ಅರ್ಜಿ ಹಾಕಿ.