ಸಹಾಯ ಬೇಕು: ಅಪ್ಪನ ಪದ್ಮಿನಿಯನ್ನು ಮೊದಲಿನ ಹಾಗೇ ಮಾಡಿಸಲಾ?

ನಮಸ್ಕಾರ. ಅಪ್ಪನ 1982ರ ಪ್ರೀಮಿಯರ್ ಪದ್ಮಿನಿ ಕಾರು ಮೈಸೂರಿನ ಮನೆ ಶೆಡ್ಡಿನಲ್ಲಿ ಆರು ವರ್ಷದಿಂದ ನಿಂತಿದೆ. 1089 ಸಿಸಿ ಎಂಜಿನ್ ಜಾಮ್ ಆಗಿಲ್ಲ. ಆದರೆ ತುಕ್ಕು ಹಿಡಿದು, ಮ್ಯಾಟ್ ಎತ್ತಿದರೆ ಶೆಡ್ಡಿನ ನೆಲ ಕಾಣುತ್ತದೆ! ಹಿಂದೆ ಯಾರೋ ಮೆಕ್ಯಾನಿಕ್ ಸ್ಟೀರಿಂಗ್ ಪಕ್ಕದ ಗೇರ್ ತೆಗೆದು ಫ್ಲೋರ್ ಗೇರ್ ಹಾಕಿದ್ದಾರೆ. ಓಡಿಸೋಕೆ ಅದೇ ಸುಲಭ, ಸುಳ್ಳು ಯಾಕೆ ಹೇಳಲಿ. ಆದರೆ ಅಪ್ಪ ಆ ಹಳೇ ಗೇರ್ ಎಳೆಯುತ್ತಿದ್ದ ಸದ್ದು ಇನ್ನೂ ಕಿವಿಯಲ್ಲಿದೆ.

ಮಾರಿದರೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ, ಗೊತ್ತು. ವಿಂಟೇಜ್ ನೋಂದಣಿಗೆ 50 ವರ್ಷ ಆಗಿರಬೇಕು, ಅದೂ ಇಲ್ಲ. ತುಕ್ಕು, ಬ್ರೇಕ್ ಮಾತ್ರ ಸರಿ ಮಾಡಿಸಿ, ಆರ್‌ಸಿ ರಿನ್ಯೂ ಮಾಡಿಸಿಕೊಂಡು ಸುಮ್ನೆ ಓಡಿಸಲಾ? ಇಲ್ಲ, ಗೇರ್, ಬಣ್ಣ ಎಲ್ಲಾ ಒರಿಜಿನಲ್ ಮಾಡಿಸಲಾ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಆ ಗೇರ್ ಸಾಮಾನು ಈಗಲೂ ಸಿಗುತ್ತಾ? ಮಾಡಿಸಿದವರು ಎಷ್ಟು ಖರ್ಚಾಯಿತು ಅಂತ ದಯವಿಟ್ಟು ಹೇಳಿ.